ನಾಲ್ಕು ರಸ್ತೆಯ ಸೀಟಿ ಸರ್ಕಾರ

ಲಾರಿಯೊಂದು ಹಿಂದೆ ಸರಿಯುವಾಗ ಗುದ್ದಿ ಸಿಗ್ನಲ್ ಕಂಬವನ್ನು ಓರೆ ಮಾಡಿ ಹೋದ ಮೇಲೆ ನಮ್ಮ ಅಂಗಡಿಯ ಎದುರಿನ ಸರ್ಕಲ್ಲಿಗೆ ಹೇಳುವವರು ಕೇಳುವವರು ಯಾರೂ ಇರಲಿಲ್ಲ. ಮೂರು ದೀಪಗಳೂ ಕಣ್ಣು ಮುಚ್ಚಿದ್ದವು. ಕಂಬ ಮಾತ್ರ, ಪಕ್ಕದವರ ಗುಟ್ಟಿಗೆ ಕಿವಿ ಕೊಟ್ಟವನ ಹಾಗೆ, ಒಂದು ಕಡೆಗೆ ವಾಲಿಕೊಂಡು ನಿಂತಿತ್ತು.

ಅಂಗಡಿ ಅತ್ತೆಯದು, ಹೊಲಿಗೆ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಪದವಿ ಮುಗಿಸಿ, ಕೆಲಸ ಸಿಗುವವರೆಗೆ ಎಂದು ಸೋದರಮಾವನ ಮನೆಗೆ ಬಂದ ನಾನು ಅಲ್ಲಿ ಕಾಜಾ ಹೊಲಿಯುತ್ತಿದ್ದೆ, ಹುಕ್ಕು ಹಾಕುತ್ತಿದ್ದೆ, ಅಂಚು ಮಡಿಸುತ್ತಿದ್ದೆ. ಓದಿದ್ದು ರಾಜ್ಯಶಾಸ್ತ್ರ. ಗಿರಾಕಿಗಳ ಜೊತೆ ಮಾತಾಡುವುದು ನನ್ನ ಕೈಲಾಗುವುದಿಲ್ಲ ಎಂದು ಬಂದ ದಿನವೇ ಹೇಳಿಬಿಟ್ಟಿದ್ದರಿಂದ ಅತ್ತೆ ನನ್ನ ಸ್ಟೂಲನ್ನು ಪರದೆಯ ಹಿಂದೆ, ಕಿಟಕಿಯ ಪಕ್ಕಕ್ಕೆ ಹಾಕಿಕೊಟ್ಟಿದ್ದಳು. ಅಲ್ಲಿಂದ ಇಡೀ ಸರ್ಕಲ್ಲು ಕಾಣುತ್ತಿತ್ತು. ಸರ್ಕಲ್ಲಿಗೆ ನಾನು ಕಾಣುತ್ತಿರಲಿಲ್ಲ. ಇಂಥ ಅನುಕೂಲ ಎಲ್ಲರಿಗೂ ಸಿಗುವುದಿಲ್ಲ.

ಮಾವ ಫುಟ್ಬಾಲ್ ರೆಫ್ರಿಯಾಗಿದ್ದವನು. ಸಣ್ಣಪುಟ್ಟ ಊರುಗಳ ಮೈದಾನಗಳಲ್ಲಿ ಜೀವಮಾನವಿಡೀ ಸೀಟಿ ಊದಿ, ಕೊನೆಗೆ ಮಂಡಿ ಕೈಕೊಟ್ಟಿದ್ದರಿಂದ ಬಿಟ್ಟಿದ್ದ. ಬಿಟ್ಟ ಮೇಲೆ ಅವನು ಹಿತ್ತಲ ಕಡೆಯ ಮೆಟ್ಟಿಲ ಹತ್ತಿರ ಒಂದು ಕುರ್ಚಿ ಹಾಕಿಕೊಂಡು ಗೋಡೆಗೆ ಮುಖ ಮಾಡಿ ಕೂತುಬಿಟ್ಟ. ಗೋಡೆಯಲ್ಲಿ ನೋಡುವಂಥದ್ದು ಏನೂ ಇರಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದ, ತಿನ್ನುತ್ತಿದ್ದ, ತಟ್ಟೆ ತೊಳೆದಿಟ್ಟು ಹೋಗುತ್ತಿದ್ದ. ಅತ್ತೆ ಬೇಕೆಂದೇ ತಪ್ಪು ಮಾತಾಡಿದರೂ ತಿದ್ದುತ್ತಿರಲಿಲ್ಲ.

“ಮೂವತ್ತು ವರ್ಷ ನನ್ನ ಮಾತಿಗೆ ಎದುರು ಮಾತಾಡಿದ ಮನುಷ್ಯ ಕಣೇ,” ಎಂದು ಅತ್ತೆ ಬಾಬಿನ್ನಿಗೆ ದಾರ ಸುತ್ತುತ್ತಾ ಹೇಳುತ್ತಿದ್ದಳು. “ಈಗ ಏನಂದ್ರೂ ಹೂಂ ಅಂತಾರೆ. ನಂಗೆ ಭಯ ಆಗುತ್ತೆ.”

ಕಂಬ ವಾಲಿದ ಆ ವಾರ ಒಂದು ಬೆಳಿಗ್ಗೆ, ನೀರಿನ ಟ್ಯಾಂಕರು, ಹಾಸಿಗೆ ತುಂಬಿದ ಲಾರಿ, ಶಾಲೆಯ ವ್ಯಾನು ಮೂರೂ ಸರ್ಕಲ್ಲಿನ ನಡುವೆ ಮೂಗಿಗೆ ಮೂಗು ತಾಗಿಸಿಕೊಂಡು ನಿಂತವು. ಅವುಗಳ ಸಂದಿಯಲ್ಲಿ ಸ್ಕೂಟರುಗಳು ತೂರಿಕೊಂಡವು. ಸ್ಕೂಟರುಗಳ ಸಂದಿಯಲ್ಲಿ ಮೊಟ್ಟೆಯಕ್ಕ ತನ್ನ ತಳ್ಳುಗಾಡಿ ತೂರಿಸಿದಳು. ಎಲ್ಲರೂ ಒಟ್ಟಿಗೆ ಹಾರ್ನ್ ಒತ್ತಿದರು. ಮೊಟ್ಟೆಯಕ್ಕನ ಗಾಡಿಗೆ ಹಾರ್ನ್ ಇಲ್ಲದ್ದರಿಂದ ಅವಳು ಬಾಯಲ್ಲೇ ಒತ್ತಿದಳು.

ಹಿತ್ತಲ ಕಡೆಯಿಂದ ಕುರ್ಚಿ ಸರಿದ ಸದ್ದಾಯಿತು. ಮಾವ ಒಳಕೋಣೆಗೆ ಹೋದ. ಹೊರಗೆ ಬರುವಾಗ ಕರಿ ಅಂಗಿ, ಕರಿ ನಿಕ್ಕರು, ಮೊಣಕಾಲಿನವರೆಗೆ ಎಳೆದ ಕಾಲುಚೀಲ, ಒಂದು ಮಂಡಿಗೆ ನೀಲಿ ಪಟ್ಟಿ, ಕೊರಳಲ್ಲಿ ಸೀಟಿ.

“ರೀ, ಎಲ್ಲಿಗೆ ಹೊರಟ್ರಿ ಈ ವೇಷದಲ್ಲಿ?” ಅತ್ತೆ ಮಿಷನ್ ನಿಲ್ಲಿಸಿದಳು.

“ಇವ್ರಿಗೆ ಆಟ ಆಡೋಕೆ ಬರಲ್ಲ,” ಎಂದು ಮಾವ ಕುಂಟುತ್ತಾ ಹೊರಗೆ ಹೋದ.

ಸರ್ಕಲ್ಲಿನ ನಟ್ಟನಡುವೆ ನಿಂತು ಅವನು ಊದಿದ ಸೀಟಿಗೆ ನನ್ನ ಕೈಯ ಸೂಜಿ ಬಿದ್ದುಹೋಯಿತು. ಎಲ್ಲವೂ ನಿಂತವು. ಮಾವ ಟ್ಯಾಂಕರಿಗೆ ಹಿಂದೆ ಹೋಗು ಎಂದ, ಟ್ಯಾಂಕರು ಹಿಂದೆ ಹೋಯಿತು. ವ್ಯಾನಿಗೆ ಬಾ ಎಂದ, ವ್ಯಾನು ಬಂತು.

ಯಾಕೆ ಬಂತು ಎನ್ನುವುದು ನನಗೆ ಈಗಲೂ ಪೂರ್ತಿ ಬಗೆಹರಿದಿಲ್ಲ. ಜನ ಆಳುವವನ ಮಾತು ಯಾಕೆ ಕೇಳುತ್ತಾರೆ ಎಂಬುದಕ್ಕೆ ನಾನು ಓದಿದ ಪುಸ್ತಕಗಳಲ್ಲಿ ಕಾರಣಗಳಿದ್ದವು. ಅಪ್ಪ ಅಜ್ಜಂದಿರು ಕೇಳುತ್ತಿದ್ದರು ಅಂತ ಕೇಳುತ್ತಾರೆ, ಆಳುವವನ ಮುಖದಲ್ಲೊಂದು ಕಳೆಯಿದೆ ಅಂತ ಕೇಳುತ್ತಾರೆ, ಕಾಯಿದೆ ಹಾಗೆ ಹೇಳುತ್ತದೆ ಅಂತ ಕೇಳುತ್ತಾರೆ. ಮಂಡಿಗೆ ಕಟ್ಟಿದ ನೀಲಿ ಪಟ್ಟಿಯ ವಿಷಯ ಯಾವ ಪುಸ್ತಕದಲ್ಲೂ ಇರಲಿಲ್ಲ. ಅತ್ತೆಯನ್ನು ಕೇಳಿದ್ದಕ್ಕೆ, “ಅಷ್ಟು ಬಿಳೀ ಕಾಲು ನೋಡಿ ಬೆಚ್ಚಿಬಿದ್ರು, ಇನ್ನೇನು,” ಎಂದಳು.

ಮರುದಿನವೂ ಮಾವ ಹೋದ. ಅದರ ಮರುದಿನವೂ. ಜೇಬಿನಿಂದ ಹಳದಿ ಚೀಟಿ, ಕೆಂಪು ಚೀಟಿ ಹೊರಗೆ ಬಂದವು. ಮೊದಲ ತಪ್ಪಿಗೆ ಹಳದಿ. ಎರಡನೆಯದಕ್ಕೆ ಕೆಂಪು. ಕೆಂಪು ಬಂದವರು ಗಾಡಿಯಿಂದ ಇಳಿದು, ಅದನ್ನು ತಳ್ಳಿಕೊಂಡು ಹೋಗಿ, ಅಂಚೆ ಡಬ್ಬಿಯ ಪಕ್ಕದಲ್ಲಿ ಮಾವ ಬಿಡುವವರೆಗೆ ನಿಂತಿರಬೇಕು. ನಿಲ್ಲುತ್ತಿದ್ದರು! ಟೈ ಕಟ್ಟಿದವರು, ಮಗುವನ್ನು ಎತ್ತಿಕೊಂಡವರು, ಒಮ್ಮೆ ಒಬ್ಬ ಹಲ್ಲಿನ ಡಾಕ್ಟರು, ಎಲ್ಲರೂ ತಲೆ ತಗ್ಗಿಸಿ ಸಾಲಾಗಿ ನಿಲ್ಲುತ್ತಿದ್ದರು. ಒಂದು ಆಟೋಗೆ ಮಾವ ಆಫ್‌ಸೈಡ್ ಕೊಟ್ಟ. ಆಟೋದವನು ತಾನು ಎಲ್ಲಿ ನಿಂತಿದ್ದೆ ಎಂದು ತಿರುಗಿ ನೋಡಿ, ತಲೆ ಕೆರೆದುಕೊಂಡು, “ಹೌದು ಸಾರ್, ಸ್ವಲ್ಪ ಮುಂದಿದ್ದೆ,” ಎಂದು ಒಪ್ಪಿಕೊಂಡ.

ಒಪ್ಪದವರು ಒಬ್ಬರೇ, ಎದುರು ಮಹಡಿಯ ವಕೀಲರು. ತಮ್ಮ ಸ್ಕೂಟರಿನಲ್ಲಿ ಎಡಗಡೆಯಿಂದ ನುಗ್ಗಿ ಬಂದು ಸಿಕ್ಕಿಹಾಕಿಕೊಂಡರು.

“ಯಾವ ಕಾಯಿದೆ ಪ್ರಕಾರ ನಿಲ್ಲಿಸಿದ್ರಿ?”

“ನಿಯಮ ಹನ್ನೆರಡು,” ಎಂದ ಮಾವ.

“ಯಾವುದರ ನಿಯಮ ಹನ್ನೆರಡು?”

“ಫುಟ್ಬಾಲಿಂದು. ಕೆಟ್ಟ ನಡತೆ.”

“ಇದು ರಸ್ತೆ ರೀ! ಫುಟ್ಬಾಲೆಲ್ಲಿದೆ ಇಲ್ಲಿ?”

“ರೆಫ್ರಿ ಜೊತೆ ವಾದ,” ಎಂದು ಮಾವ ಕೆಂಪು ಚೀಟಿ ಎತ್ತಿದ.

ವಕೀಲರು ಅಂಚೆ ಡಬ್ಬಿಯ ಪಕ್ಕ ನಿಂತುಕೊಂಡೇ, ಇದಕ್ಕೆ ತಾವು ಒಪ್ಪಿಗೆ ಕೊಟ್ಟಿಲ್ಲವೆಂದೂ ಪ್ರತಿಭಟನೆಯ ರೂಪದಲ್ಲಿ ನಿಂತಿರುವುದೆಂದೂ ಹೋಗಿಬರುವವರಿಗೆಲ್ಲ ತಿಳಿಸಿದರು. ನಿಂತದ್ದಂತೂ ನಿಂತರು.

ಆದರೆ ಮಾವನ ಸರ್ಕಾರ ಭದ್ರವಾದದ್ದು ಅತ್ತೆಯಿಂದ. ಒಂದು ಮಧ್ಯಾಹ್ನ ಅವಳು ದಾರದ ಪೊಟ್ಟಣ ಹಿಡಿದು, ಅತ್ತ ಇತ್ತ ನೋಡದೆ, ಗಂಡನದೇ ಸರ್ಕಲ್ಲು ತಾನೇ ಎಂಬ ಧೈರ್ಯದಲ್ಲಿ ರಸ್ತೆಯ ಬಿಳಿ ಗೆರೆ ದಾಟಿ ನಡುವೆಯೇ ಬಂದಳು. ಮಾವ ಸೀಟಿ ಊದಿ ಹಳದಿ ತೋರಿಸಿದ. ಅತ್ತೆ, “ಸಾಕು ಸುಮ್ನಿರ್ರೀ, ಕಂಡಿದೀನಿ,” ಎಂದಳು. ಮಾವ ಕೆಂಪು ತೋರಿಸಿದ. ಸರ್ಕಲ್ಲಿಗೆ ಸರ್ಕಲ್ಲೇ ಉಸಿರು ಬಿಗಿಹಿಡಿಯಿತು. ಅತ್ತೆ ಗಂಡನನ್ನು ಕಣ್ಣಲ್ಲೇ ಸುಟ್ಟು, ಹೋಗಿ ಅಂಚೆ ಡಬ್ಬಿಯ ಪಕ್ಕ ನಿಂತಳು.

ಆ ದಿನ ನಮ್ಮ ಮನೆಯಲ್ಲಿ ಒಲೆ ಹತ್ತಲಿಲ್ಲ. ನಾವು ಮೂವರೂ ಬ್ರೆಡ್ಡು ತಿಂದೆವು. ಆದರೆ ತಿನ್ನುವಾಗ ಮಾವ ಮೊದಲ ಸಲ ಬಾಯಿ ಬಿಟ್ಟು, ಅತ್ತೆ ಹೇಗೆ ಗೆರೆ ದಾಟಿದಳು, ಯಾವ ಕಾಲು ಮೊದಲು ಇಟ್ಟಳು ಎಂದು ವಿವರಿಸಿದ. ಅತ್ತೆ, ಎಡಗಾಲು ಅಂದಳು. ಮಾವ, ಬಲಗಾಲು ಅಂದ. ಜಗಳವಾಯಿತು. ಅತ್ತೆ ಕೈತೊಳೆಯುವ ನೆಪದಲ್ಲಿ ಎದ್ದುಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಮನುಷ್ಯ ವಾಪಸ್ ಬಂದ ಕಣೇ,” ಎಂದಳು ನನ್ನ ಕಿವಿಯಲ್ಲಿ.

ಹೀಗಿರುವಾಗ ಪೇದೆ ಬಂದ.

ಹೊಸದಾಗಿ ಕೆಲಸಕ್ಕೆ ಸೇರಿದವನು, ನನ್ನದೇ ವಯಸ್ಸಿರಬೇಕು. ಟೋಪಿ ಹುಬ್ಬಿನ ಮೇಲೆ ಕೂತಿತ್ತು. ಪ್ಯಾಂಟು ಅವನಂಥ ಇಬ್ಬರಿಗೆ ಸಾಕಾಗುವಂತಿತ್ತು. ಇಲಾಖೆಯಲ್ಲಿ ಅಳತೆ ತೆಗೆದುಕೊಳ್ಳುವುದಿಲ್ಲವಂತೆ, ಮೂಟೆಯಿಂದ ಕೈಗೆ ಸಿಕ್ಕಿದ್ದನ್ನು ಎಳೆದು ಕೊಡುತ್ತಾರಂತೆ. ಬೆಲ್ಟಿಗೆ ಅವನು ಮೊಳೆಯಲ್ಲಿ ಹೊಸ ತೂತುಗಳನ್ನು ಮಾಡಿಕೊಂಡಿದ್ದ. ಆದರೂ ಎರಡೂ ಕೈ ಎತ್ತಿದರೆ ಪ್ಯಾಂಟು ಇಳಿಯಲು ಶುರುವಾಗುತ್ತಿತ್ತು. ಹಾಗಾಗಿ ಅವನು ಯಾವಾಗಲೂ ಒಂದು ಕೈಯಲ್ಲಿ ವಾಹನ ನಿಲ್ಲಿಸುತ್ತಿದ್ದ, ಇನ್ನೊಂದು ಕೈಯಲ್ಲಿ ಪ್ಯಾಂಟು ನಿಲ್ಲಿಸುತ್ತಿದ್ದ. ಒಂದು ಕೈಯಲ್ಲಿ ಒಂದು ರಸ್ತೆಯನ್ನಷ್ಟೇ ನಿಲ್ಲಿಸಬಹುದು. ಉಳಿದ ಮೂರು ರಸ್ತೆಯವರು ಅವನಿಗೆ ಕೈಬೀಸಿ, ಚೆನ್ನಾಗಿದೀರಾ ಎಂಬಂತೆ ನಕ್ಕು ಮುಂದೆ ಹೋಗುತ್ತಿದ್ದರು.

ಬಂದ ಕೂಡಲೇ ಮಾವ ಅವನಿಗೊಂದು ಹಳದಿ ಕೊಟ್ಟ. ಅಪ್ಪಣೆಯಿಲ್ಲದೆ ಮೈದಾನಕ್ಕೆ ಇಳಿದದ್ದಕ್ಕೆ.

“ಯಜಮಾನ್ರೇ, ನಾನು ಪೊಲೀಸು,” ಎಂದ ಪೇದೆ ಮೆಲ್ಲಗೆ.

“ಇರಬಹುದು. ಬದಲಿ ಆಟಗಾರ ಗೆರೆ ಹೊರಗೆ ಕಾಯಬೇಕು.”

ಪೇದೆ ಜನರ ಕಡೆಗೆ ತಿರುಗಿದ. ಎದೆಯ ಜೇಬಿನಿಂದ ಕಾಗದ ತೆಗೆದು ಎತ್ತಿ ಹಿಡಿದ. “ನೋಡೀ ಎಲ್ರೂ. ಆರ್ಡರ್ ಇದೆ. ಈ ಸರ್ಕಲ್ಲಿಗೆ ನನ್ನ ಹಾಕಿದ್ದಾರೆ.”

ಮೊಟ್ಟೆಯಕ್ಕ ಗಾಡಿ ನಿಲ್ಲಿಸಿ ಕೇಳಿದಳು. “ಆರ್ಡರ್ ಕೊಟ್ಟೋರ್ಯಾರಪ್ಪಾ?”

“ಇನ್ಸ್‌ಪೆಕ್ಟರು.”

“ಅವ್ರಿಗೆ ಯಾರು ಕೊಟ್ರು?”

“ಅವ್ರ ಮೇಲಿನ ಸಾಹೇಬ್ರು.”

“ಅವ್ರಿಗೆ?”

“ಸರ್ಕಾರ ಅಕ್ಕಾ.”

“ಸರ್ಕಾರಕ್ಕೆ?”

ಪೇದೆ ಕಾಗದದ ಹಿಂಬದಿ ತಿರುಗಿಸಿ ನೋಡಿದ. ಅವನ ಮುಖ ಅರಳಿತು. “ನೀವೇ! ನೀವೆಲ್ಲ ಓಟು ಹಾಕಿ ಕೊಟ್ಟಿದ್ದು.”

“ನಾನಾ? ಅವತ್ತು ನಂಗೆ ಜ್ವರ. ಮಲಗಿದ್ದೆ.”

“ನೀವು ಹಾಕದಿದ್ರೂ ಬೇರೆಯವ್ರು ಹಾಕಿರ್ತಾರಲ್ಲ ಅಕ್ಕಾ.”

“ಹಾಗಾದ್ರೆ ಅವ್ರನ್ನ ನಿಲ್ಸು. ನಾನ್ಯಾಕೆ ನಿಲ್ಲಲಿ?”

ಅಂಚೆ ಡಬ್ಬಿಯ ಪಕ್ಕದಲ್ಲಿದ್ದ ವಕೀಲರಿಗೆ ತಡೆಯಲಾಗಲಿಲ್ಲ. ಅವರು ಆ ದಿನವೂ ಪ್ರತಿಭಟನೆಯ ರೂಪದಲ್ಲಿ ನಿಂತಿದ್ದರು. “ಅಕ್ಕಾ, ಹಾಗಲ್ಲ. ನೀನು ಈ ರಸ್ತೆ ಬಳಸ್ತೀಯಲ್ಲ, ಬಳಸಿದ್ರೆ ಸರ್ಕಾರಾನ ಒಪ್ಪಿದ ಹಾಗೇ ಲೆಕ್ಕ.”

“ಬಳಸ್ದೆ ಹಾರ್ಕೊಂಡು ಹೋಗ್ಲಾ ವಕೀಲ್ರೇ? ಮೊಟ್ಟೆ ಮಾರೋಳು ನಾನು, ಇಡೋಳಲ್ಲ.”

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಪೇದೆಯೂ ನಕ್ಕ. ನಗುವಾಗ ಪ್ಯಾಂಟು ಹಿಡಿದುಕೊಂಡ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ, “ಮತ್ತೆ ಈ ಯಜಮಾನ್ರ ಮಾತು ಯಾಕೆ ಕೇಳ್ತೀರಿ? ಇವ್ರಿಗೆ ಯಾರು ಕೊಟ್ಟಿದ್ದು?”

ಹಾಸಿಗೆ ಲಾರಿಯವನು ಆಕಾಶ ನೋಡಿದ. ಕೊನೆಗೆ ಮೊಟ್ಟೆಯಕ್ಕ, “ಕಟ್ಕೊಂಡ ಹೆಂಡ್ತಿಗೇ ಕೆಂಪು ಕೊಟ್ಟ ಮನುಷ್ಯ ಅವ್ರು,” ಎಂದು ಗಾಡಿ ತಳ್ಳಿಕೊಂಡು ಹೋದಳು.

ಪರದೆಯ ಹಿಂದೆ ನನ್ನ ಕಾಜಾ ಪೂರ್ತಿ ಸೊಟ್ಟಗಾಗಿತ್ತು.

ಆ ಸಂಜೆ ಪೇದೆ ಪೈಜಾಮ ಹಾಕಿಕೊಂಡು, ಚೀಲದಲ್ಲಿ ಪ್ಯಾಂಟು ಮಡಿಸಿಟ್ಟುಕೊಂಡು ಅಂಗಡಿಗೆ ಬಂದ.

“ಅಮ್ಮಾ, ಇದರ ಸೊಂಟ ಹಿಡಿದು ಕೊಡ್ತೀರಾ? ನಾಳೆ ಸಂಜೆಯೊಳಗೆ ಬೇಕಿತ್ತು.”

ಅತ್ತೆ ಪ್ಯಾಂಟು ಬಿಡಿಸಿ ಎತ್ತಿ ಹಿಡಿದಳು. ಅದು ಮೇಜಿನ ಈ ತುದಿಯಿಂದ ಆ ತುದಿಗೆ ಬಂತು. “ಏನಪ್ಪಾ ಇದು, ಪ್ಯಾಂಟೋ ಪರದೆಯೋ? ಅಷ್ಟು ಅವಸರ ಏನು?”

“ನಾಳಿದ್ದು ಬೆಳಿಗ್ಗೆ ಇನ್ಸ್‌ಪೆಕ್ಟರು ನೋಡೋಕೆ ಬರ್ತಾರಂತೆ. ಸರ್ಕಲ್ಲು ನನ್ನ ಮಾತು ಕೇಳಿದ್ರೆ ಕೆಲಸ ಖಾಯಂ. ಕೇಳದಿದ್ರೆ ಮನೆಗೆ ಹೋಗು ಅಂತಾರೆ.” ಅವನು ಟೋಪಿಯಿಲ್ಲದೆ ಇನ್ನೂ ಚಿಕ್ಕವನಂತೆ ಕಾಣುತ್ತಿದ್ದ. “ಯಜಮಾನ್ರ ಮೇಲೆ ನಂಗೇನೂ ಸಿಟ್ಟಿಲ್ಲಮ್ಮಾ. ಅವ್ರು ಚೆನ್ನಾಗೇ ಮಾಡ್ತಾರೆ. ನಾನು ಎರಡು ಕೈ ಎತ್ತಿದ್ರೆ ಸಾಕು, ನಂಗೂ ಬರುತ್ತೆ ಅನ್ಸುತ್ತೆ.”

“ಆಯ್ತು ಬಿಡಪ್ಪಾ, ಮಾಡಿಕೊಡೋಣ,” ಎಂದಳು ಅತ್ತೆ. ಅವಳ ದನಿ ಅಷ್ಟು ಸಿಹಿಯಾದದ್ದು ನಾನು ಹಿಂದೆ ಕೇಳಿರಲಿಲ್ಲ.

ಅವನು ಹೋದದ್ದೇ ತಡ ಅವಳು ಪರದೆ ಸರಿಸಿ ಪ್ಯಾಂಟನ್ನು ನನ್ನ ಮಡಿಲಿಗೆ ಹಾಕಿದಳು. “ತಗೋ. ಸೊಂಟದಲ್ಲಿ ಒಳಗೆ ಇನ್ನೂ ಬಟ್ಟೆ ಇದೆ. ಬಿಚ್ಚಿ ಇನ್ನೊಂದಿಷ್ಟು ಬಿಡು.”

“ಬಿಡೋದಾ? ಅವ್ರು ಹಿಡೀರಿ ಅಂದಿದ್ದು, ಅತ್ತೆ.”

“ನಂಗೂ ಕಿವಿ ಇದೆ. ಬಿಡು.”

“ಬಿಟ್ರೆ ಒಂದೇ ಸಲಕ್ಕೆ ಕೆಳಗೆ ಬರುತ್ತೆ.”

“ಬರ್ಲಿ. ಆ ಹುಡುಗನಿಗೆ ಇನ್ನೂ ವಯಸ್ಸಿದೆ, ಬೇರೆ ಕೆಲಸ ಸಿಗುತ್ತೆ. ನಿನ್ನ ಮಾವನಿಗೆ ಬೇರೆ ಸರ್ಕಲ್ಲು ಎಲ್ಲಿಂದ ತರ್ಲಿ ನಾನು?”

ನಾನು ಕತ್ತರಿ ಹಿಡಿದು ಕೂತೆ. ಒಂದು ರಾಜ್ಯದ ಗತಿ ಇಷ್ಟು ಹತ್ತಿರದಿಂದ ನನ್ನ ಕೈಗೆ ಸಿಗುತ್ತದೆಂದು, ಅದೂ ಖಾಕಿ ಬಟ್ಟೆಯ ರೂಪದಲ್ಲಿ ಸಿಗುತ್ತದೆಂದು ನಾನು ಎಣಿಸಿರಲಿಲ್ಲ. ಮಾವ ಮತ್ತೆ ಗೋಡೆಗೆ ಮುಖ ಮಾಡಿ ಕೂರುವುದನ್ನು ನೆನೆದರೆ ಕತ್ತರಿ ಹೊಲಿಗೆಯ ಕಡೆ ಹೋಗುತ್ತಿತ್ತು. ಆ ಪೇದೆ ನಾಲ್ಕು ರಸ್ತೆಯ ಜನರೆದುರು ಎರಡೂ ಕೈ ಎತ್ತಿದ ಗಳಿಗೆಯನ್ನು ನೆನೆದರೆ ಕತ್ತರಿ ವಾಪಸು ಬರುತ್ತಿತ್ತು. ಬಾಯಿಬಿಟ್ಟು ಇದು ತಪ್ಪು ಎನ್ನಲು ನನಗೆ ಧೈರ್ಯವಿರಲಿಲ್ಲ. ಆದ್ದರಿಂದ ದಾರ ಸಿಕ್ಕಾಗಿದೆ ಎಂದೆ. ಅದನ್ನು ಬಿಡಿಸುತ್ತಾ ಕೂತೆ. ಮರುದಿನ ಮಧ್ಯಾಹ್ನದವರೆಗೂ ಅದೇ ದಾರ ಬಿಡಿಸಿದೆ.

“ಇನ್ನೂ ಆಗ್ಲಿಲ್ವೇನೇ?” ಅತ್ತೆ ಗದರಿದಳು. “ಬಿಡು ಅಂದ್ರೆ ಬಿಡೋಕೆ ಎಷ್ಟು ಹೊತ್ತು?”

“ಏನು ಬಿಡೋದು?” ಎಂದು ಮಾವ ಒಳಗೆ ಬಂದ. ಊಟದ ಬಿಡುವಿಗೆ ಬಂದಿದ್ದ. ಕಾಲುಚೀಲದ ಮೇಲೆಲ್ಲ ಧೂಳು. ನನ್ನ ಮಡಿಲ ಖಾಕಿ ನೋಡಿದ, ಅತ್ತೆಯ ಮುಖ ನೋಡಿದ. ಜೀವಮಾನವಿಡೀ ಇಪ್ಪತ್ತೆರಡು ಜನರ ಕಳ್ಳಾಟ ಹಿಡಿದವನಿಗೆ ಇದೇನು ದೊಡ್ಡದಲ್ಲ. “ಯಾರ ಪ್ಯಾಂಟು?”

ಅತ್ತೆ ದಾರ ಕಚ್ಚಿ ತುಂಡು ಮಾಡಿದಳು. ಮಾವ ನನ್ನ ಕಡೆ ತಿರುಗಿದ. “ಕೂಸೇ, ನೀನು ಹೇಳು.”

“ಪೇದೆಯವ್ರದ್ದು,” ಎಂದೆ. “ಹಿಡಿಯೋಕೆ ಕೊಟ್ಟಿದ್ದಾರೆ.”

“ಮತ್ತೆ ಇವಳು ಬಿಡು ಅಂತಿದ್ದಾಳೆ.”

“ಹೌದ್ರೀ, ಅಂದೆ!” ಅತ್ತೆ ಮೇಜು ಬಡಿದಳು. “ಏನೀಗ? ಕೆಂಪು ಕೊಡ್ತೀರಾ? ಕೊಡಿ. ಆ ಹುಡುಗ ಗೆದ್ರೆ ನೀವು ಹಿತ್ತಲಿಗೆ ಹೋಗ್ತೀರಿ. ಮತ್ತೆ ಆ ಕುರ್ಚಿ, ಆ ಗೋಡೆ. ನಿಮ್ಮ ಬೆನ್ನು ನೋಡಿ ನೋಡಿ ನಂಗೆ ಸಾಕಾಗಿದೆ.”

ಮಾವ ನೀಲಿ ಪಟ್ಟಿಯನ್ನು ಸಡಿಲಿಸಿದ, ಮತ್ತೆ ಬಿಗಿದ.

“ಎದುರು ತಂಡದವನ ಕಾಲು ಕಟ್ಟಿ ಆಟ ಆಡ್ಸಿದ್ರೆ ನಾನ್ಯಾವ ರೆಫ್ರಿ ಕಣೇ?” ಎಂದ ಕೊನೆಗೆ. ಆಮೇಲೆ ನನಗೆ, “ಎಷ್ಟು ಹಿಡೀಬೇಕೋ ಅಷ್ಟು ಹಿಡಿ. ಹೊಲಿಗೆ ಎರಡು ಸಲ ಹಾಕು. ನಾಳೆ ಬೆಳಿಗ್ಗೆ ನಾನು ಇಳಿಯಲ್ಲ.”

ಹಿಡಿದೆ. ಎರಡು ಸಲ ಹಾಕಿದೆ. ಅತ್ತೆ ಸಂಜೆಯವರೆಗೂ ನಮ್ಮಿಬ್ಬರ ಜೊತೆಗೂ ಮಾತು ಬಿಟ್ಟಳು. ಮಿಷನ್ನಿನ ಜೊತೆ ಮಾತ್ರ ಆಡಿದಳು.

ಮರುದಿನ ಬೆಳಿಗ್ಗೆ ಪೇದೆ ಸರ್ಕಲ್ಲಿನ ನಡುವೆ ನಿಂತು ಎರಡೂ ಕೈ ಎತ್ತಿದ. ಪ್ಯಾಂಟು ಅಲುಗಲಿಲ್ಲ. ಪರದೆಯ ಹಿಂದೆ ನನಗೆ ಎಂಥದೋ ಹೆಮ್ಮೆಯಾಯಿತು.

ಆದರೆ ಯಾರೂ ಅವನನ್ನು ನೋಡುತ್ತಿರಲಿಲ್ಲ. ನಾಲ್ಕೂ ರಸ್ತೆಯವರು ನಮ್ಮ ಅಂಗಡಿಯ ಬಾಗಿಲನ್ನು ನೋಡುತ್ತಿದ್ದರು. ಮಾವ ಪೈಜಾಮದಲ್ಲಿ ನನ್ನ ಪಕ್ಕ, ಪರದೆಯ ಮರೆಯಲ್ಲಿ ನಿಂತಿದ್ದ. ಅವನ ಕೈ ಕೊರಳಿನ ಹತ್ತಿರ ಸೀಟಿ ಹುಡುಕುತ್ತಿತ್ತು.

“ರೆಫ್ರಿ ಎಲ್ಲಿ?” ಮೊಟ್ಟೆಯಕ್ಕ ಕೂಗಿದಳು.

“ಹುಷಾರಿಲ್ವಂತಾ?” ಟ್ಯಾಂಕರಿನವನು.

ಎಲ್ಲರಿಗಿಂತ ಜೋರು ವಕೀಲರದು. “ಅಧಿಕಾರ ಬದಲಾಗಿದ್ಯಾ? ಯಾವಾಗ? ನಮ್ಮನ್ನ ಒಂದು ಮಾತು ಕೇಳಿದ್ರಾ? ಇದನ್ನ ನಾನು ಒಪ್ಪಲ್ಲ!”

“ನೀವು ಹಳೇದನ್ನೂ ಒಪ್ಪಿರ್ಲಿಲ್ಲವಲ್ಲ ಸಾರ್,” ಎಂದ ಪೇದೆ.

“ಅದು ಬೇರೆ ವಿಷಯ. ಅದು ನಾವು ಒಪ್ಪದೇ ಇದ್ದ ಸರ್ಕಾರ. ಇದು ನಮ್ಮನ್ನ ಕೇಳದೇ ಬಂದ ಸರ್ಕಾರ.”

ಯಾರು ಮೊದಲು ನುಗ್ಗಿದರೋ ಗೊತ್ತಿಲ್ಲ. ಕ್ಷಣದಲ್ಲಿ ಟ್ಯಾಂಕರು, ವ್ಯಾನು, ಸ್ಕೂಟರುಗಳು ಮತ್ತೆ ಗಂಟುಬಿದ್ದವು. ಪೇದೆಯ ಕೈಗಳು ಮೇಲೇ ಇದ್ದವು. ಒಗೆದ ಬಟ್ಟೆ ಯಾರೂ ಹರವದ ಹಗ್ಗದ ಕಂಬಗಳ ಹಾಗೆ ಕಾಣುತ್ತಿದ್ದವು.

“ಹೋಗಿ ಒಂದು ಸೀಟಿ ಊದಿ ಬನ್ರೀ,” ಎಂದಳು ಅತ್ತೆ. ಮಾತು ಬಿಟ್ಟದ್ದನ್ನು ಮರೆತಿದ್ದಳು. “ಒಂದೇ ಒಂದು.”

ಮಾವ ತಲೆಯಾಡಿಸಿದ. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. “ಊದಿದ್ರೆ ಅವನು ಮುಗಿದ.”

ಆಗ ಜೀಪು ಬಂತು. ಇನ್ಸ್‌ಪೆಕ್ಟರು ಸ್ವತಃ ಓಡಿಸುತ್ತಿದ್ದರು. ಸಾಲಿನ ಹಿಂದೆ ನಿಲ್ಲುವ ಬದಲು ಬಲಗಡೆಯಿಂದ ಎಲ್ಲರನ್ನೂ ದಾಟಿಕೊಂಡು, ಹಾರ್ನ್ ಒತ್ತುತ್ತಾ, ನೇರ ಸರ್ಕಲ್ಲಿನ ಬಾಯಿಗೆ ಬಂದುಬಿಟ್ಟರು. ಪೇದೆ ಜೀಪು ನೋಡಿದ. ಜೀಪಿನೊಳಗಿನ ಮೀಸೆ ನೋಡಿದ. ಅಭ್ಯಾಸಬಲದಿಂದ ಅವನ ಎಡಗೈ ಸೊಂಟಕ್ಕೆ ಹೋಯಿತು. ಅಲ್ಲಿ ಹಿಡಿಯುವಂಥದ್ದು ಏನೂ ಇರಲಿಲ್ಲ. ಕೈ ಮತ್ತೆ ಮೇಲೆ ಬಂತು. ಅವನು ಎರಡು ಹೆಜ್ಜೆ ಮುಂದೆ ಹೋಗಿ ಜೀಪಿನ ಮುಂದೆ ನಿಂತ. ಸೆಲ್ಯೂಟ್ ಹೊಡೆದ. ಸೆಲ್ಯೂಟ್ ಹೊಡೆದ ಕೈಯನ್ನೇ ಹಾಗೇ ಮುಂದೆ ಚಾಚಿ, ನಿಲ್ಲಿ ಎಂದ.

ಹಾರ್ನುಗಳು ಒಂದೊಂದಾಗಿ ಸುಮ್ಮನಾದವು.

“ಏಯ್,” ಎಂದರು ಇನ್ಸ್‌ಪೆಕ್ಟರು ತಲೆ ಹೊರಹಾಕಿ. “ನಾನು ಯಾರು ಅಂತ ಗೊತ್ತಾ?”

“ಗೊತ್ತು ಸಾರ್. ಅದಕ್ಕೇ ಸೆಲ್ಯೂಟ್ ಹೊಡೆದು ನಿಲ್ಸಿದ್ದು.”

“ನಿನ್ನ ನೋಡೋಕೇ ಕಣೋ ನಾನು ಬಂದಿರೋದು!”

“ನೋಡಿ ಸಾರ್. ಆದ್ರೆ ಸಾಲಿನ ಹಿಂದಿಂದ ನೋಡಿ. ಇವ್ರೆಲ್ಲ ನಿಮಗಿಂತ ಮುಂಚೆ ಬಂದೋರು.” ಅವನ ದನಿ ಮೇಕೆಮರಿಯ ದನಿಯಂತೆ ನಡುಗುತ್ತಿತ್ತು. ಕೈ ನಡುಗಲಿಲ್ಲ.

“ಖಾಯಂ ಆಗ್ಬೇಕೋ ಬೇಡ್ವೋ ನಿಂಗೆ?”

“ಆಗ್ಬೇಕು ಸಾರ್,” ಎಂದ ಪೇದೆ. ಜಾಗ ಮಾತ್ರ ಬಿಡಲಿಲ್ಲ.

ಪರದೆಯ ಮರೆಯಲ್ಲಿ ಮಾವ ನನ್ನ ಭುಜ ಹಿಡಿದುಕೊಂಡಿದ್ದ. ಎಷ್ಟು ಗಟ್ಟಿಯಾಗಿ ಎಂದರೆ ಸಂಜೆಯವರೆಗೂ ನೋವಿತ್ತು. “ಸರಿಯಾದ ತೀರ್ಪು,” ಎಂದು ಉಸಿರೊಳಗೇ ಹೇಳಿದ. “ಸರಿಯಾದ ತೀರ್ಪು, ಮಗನೇ. ಕೈ ಇಳಿಸ್ಬೇಡ.”

ಜೀಪು ಗುರ್ ಎಂದಿತು. ಇನ್ನೊಂದು ಸಲ ಗುರ್ ಎಂದಿತು. ಆಮೇಲೆ ಹಿಂದಕ್ಕೆ ಹೋಗತೊಡಗಿತು. ಹಾಸಿಗೆ ಲಾರಿಯ ಹಿಂದೆ, ಒಂದು ಸೈಕಲ್ಲಿನ ಹಿಂದೆ ಹೋಗಿ ನಿಂತುಕೊಂಡಿತು. ಮೊಟ್ಟೆಯಕ್ಕ ಗಾಡಿಯ ಹಿಡಿಯ ಮೇಲೆ ತಲೆಯಿಟ್ಟು ನಕ್ಕಳು. ನಗು ಮುಗಿದ ಮೇಲೆ ಸೆರಗು ಸರಿಮಾಡಿಕೊಂಡು ಪೇದೆಯನ್ನು ಕೇಳಿದಳು, “ನಾನು ಈಗ ಹೋಗ್ಲಾ, ನಿಲ್ಲಲಾ?”

“ನಿಲ್ಲಿ ಅಕ್ಕಾ.”

ನಿಂತಳು. ಅವಳು ನಿಂತದ್ದು ನೋಡಿ ಟ್ಯಾಂಕರು ನಿಂತಿತು. ಪೇದೆ ಬಾ ಎಂದಾಗ ವ್ಯಾನು ಬಂತು. ಸರದಿಯಂತೆ ಸೈಕಲ್ಲಾದ ಮೇಲೆ ಜೀಪೂ ಬಂತು. ಇನ್ಸ್‌ಪೆಕ್ಟರು ಪೇದೆಯ ಪಕ್ಕದಲ್ಲಿ ನಿಧಾನ ಮಾಡಿ, ಮುಖ ಗಂಟಿಕ್ಕಿಕೊಂಡೇ ಹೇಳಿದರು, “ಆ ಟೋಪಿನೂ ಒಂದು ಸರಿ ಮಾಡಿಸ್ಕೋ. ಇನ್ನು ದಿನಾ ಇಲ್ಲೇ ನಿಲ್ಲೋನು, ಅಸಹ್ಯವಾಗಿ ಕಾಣುತ್ತೆ.”

ಮಾವ ನನ್ನ ಭುಜ ಬಿಟ್ಟ. ಯಾರ ಕಡೆಗೂ ನೋಡದೆ ಹಿತ್ತಲಿಗೆ ಹೋದ. ಕುರ್ಚಿ ಎಳೆದ ಸದ್ದು ಕೇಳಿಸಿತು.

ಅತ್ತೆ ನನ್ನನ್ನೇ ನೋಡಿದಳು. ನಾನು ಸೂಜಿಯನ್ನೇ ನೋಡಿದೆ. ಹಿಡಿದವಳು ನಾನೇ ತಾನೇ, ಅದೂ ಎರಡು ಸಲ.

ಮುಂದಿನ ದಿನಗಳು ಚೆನ್ನಾಗಿರಲಿಲ್ಲ. ಹೊರಗೆ ಸರ್ಕಲ್ಲು ಬೆಣ್ಣೆಯಂತೆ ನಡೆಯುತ್ತಿತ್ತು. ಒಳಗೆ ಮಾವ ಹೂಂ ಎನ್ನುತ್ತಿದ್ದ. ಅತ್ತೆ ಅವನೆದುರು ಬೇಕೆಂದೇ, ಫುಟ್ಬಾಲ್ ತಂಡದಲ್ಲಿ ಹತ್ತು ಜನ ಅಲ್ವಾ ಎಂದಳು. ಮಾವ ಹೂಂ ಎಂದ. ಅತ್ತೆ ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಜೋಡಿಸಿದಳು.

ಆಮೇಲೊಂದು ಬೆಳಿಗ್ಗೆ ಬಿಳಿ ದಾರ ಮುಗಿಯಿತು. ಅತ್ತೆ ಮಾವನನ್ನು ಎಬ್ಬಿಸಿ, ಎದುರು ಅಂಗಡಿಯಿಂದ ತಂದುಕೊಡಿ ಎಂದು ಕಳಿಸಿದಳು. ಮಾವ ಪೈಜಾಮದಲ್ಲಿ, ತಲೆ ಬಗ್ಗಿಸಿಕೊಂಡು, ಹಳೆಯ ಅಭ್ಯಾಸದಂತೆ ಸರ್ಕಲ್ಲಿನ ನಡುವಿನ ಕಡೆಗೇ ಹೆಜ್ಜೆ ಹಾಕಿದ.

ಪೇದೆ ಸೀಟಿ ಊದಿದ.

ಮಾವ ನಿಂತ. ತನಗಲ್ಲ ಎಂದುಕೊಂಡು ಹಿಂದೆ ನೋಡಿದ.

“ಯಜಮಾನ್ರೇ, ನಿಮಗೇ,” ಎಂದ ಪೇದೆ ಸಂಕೋಚದಿಂದ. “ಗೆರೆ ದಾಟಿದ್ರಿ.”

“ನಾನಾ?”

“ಹೌದು. ಕಾಲಿಟ್ರಿ.”

“ಇಲ್ಲ!” ಎಂದ ಮಾವ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಅಷ್ಟು ಜೋರಾಗಿ ಅವನು ಮಾತಾಡಿ ಎಷ್ಟೋ ದಿನವಾಗಿತ್ತು. “ಗೆರೆ ಮುಟ್ಟೇ ಇಲ್ಲ ನಾನು!”

“ಮುಟ್ಟಿದ್ರಿ ಸಾರ್. ನಾನು ನೋಡ್ದೆ.”

“ನೀನು ಆ ಕಡೆ ನೋಡ್ತಿದ್ದೆ! ನಿಂಗೆ ಕಣ್ಣಿದ್ಯಾ?” ಮಾವ ಎರಡೂ ಕೈ ಚಾಚಿ ಜನರ ಕಡೆ ತಿರುಗಿದ. ತನ್ನ ಪಾದ ತೋರಿಸಿದ. ಗೆರೆ ತೋರಿಸಿದ. ಆಕಾಶ ತೋರಿಸಿದ. ಜೀವಮಾನವಿಡೀ ಯಾವ ಆಟಗಾರರಿಗೆ ಸುಮ್ಮನಿರು ಎಂದಿದ್ದನೋ ಅವರೆಲ್ಲರೂ ಒಟ್ಟಿಗೆ ಅವನ ಮೈಮೇಲೆ ಬಂದ ಹಾಗಿತ್ತು. “ನೋಡ್ರೀ ಅನ್ಯಾಯ! ಯಾವ ನಿಯಮದ ಪ್ರಕಾರ ನಿಲ್ಸಿದೆ ನೀನು?”

“ಒಳ್ಳೇ ಪ್ರಶ್ನೆ!” ಎಂದು ಎದುರು ಮಹಡಿಯ ಕಿಟಕಿ ತೆರೆಯಿತು. ವಕೀಲರು ಚಪ್ಪಲಿ ಸಿಕ್ಕಿಸಿಕೊಳ್ಳುತ್ತಾ ಇಳಿದು ಓಡಿಬಂದರು. “ಒಂದು ಮಾತೂ ಆಡ್ಬೇಡಿ ರೆಫ್ರಿ ಸಾಹೇಬ್ರೇ, ನಾನಿದ್ದೀನಿ. ಸಾಕ್ಷಿ ಯಾರಿದ್ದಾರೆ?”

ಮಾವ ಸುತ್ತಲೂ ನೋಡಿದ. ಅವನ ಮುಖ ಕೆಂಪೇರಿತ್ತು, ಕಣ್ಣು ಹೊಳೆಯುತ್ತಿತ್ತು. ಆ ಕಣ್ಣು ಬಂದು ನಮ್ಮ ಕಿಟಕಿಯ ಮೇಲೆ ನಿಂತಿತು. “ನಮ್ಮ ಕೂಸಿದ್ದಾಳೆ! ಅವಳು ಎಲ್ಲಾ ನೋಡ್ತಿರ್ತಾಳೆ. ಬಾರೇ ಇಲ್ಲಿ, ಹೇಳು!”

ಸರ್ಕಲ್ಲಿಗೆ ಮೊದಲ ಸಲ ನಾನು ಕಂಡೆ. ತಲೆ ಒಳಗೆಳೆದುಕೊಳ್ಳೋಣ ಎಂದರೆ ಹಿಂದೆ ಅತ್ತೆ ನಿಂತಿದ್ದಳು. ಅವಳೇ ನನ್ನನ್ನು ಬಾಗಿಲಿನಿಂದ ಹೊರಗೆ ದೂಡಿದಳು. ಅಳತೆ ಟೇಪು ಇನ್ನೂ ನನ್ನ ಕೊರಳಲ್ಲೇ ಇತ್ತು. ನಾಲ್ಕೂ ರಸ್ತೆಯ ಜನ ನನ್ನ ಬಾಯಿ ನೋಡುತ್ತಿದ್ದರು.

“ಗೆರೆ,” ಎಂದೆ. ಗಂಟಲು ಸರಿಮಾಡಿಕೊಂಡೆ. “ನೀನು ಗೆರೆ ತುಳಿದಿದ್ದೆ, ಮಾವ. ಹಿಮ್ಮಡಿಯಲ್ಲಿ.”

ಜನ ಓಹೋ ಎಂದರು. ಪೇದೆ ಟೋಪಿ ತೆಗೆದು ತಲೆ ಒರೆಸಿಕೊಂಡ. ಮಾವ ನನ್ನನ್ನು ದಿಟ್ಟಿಸಿದ. ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ಅವನ ಮುಖದಲ್ಲಿ ಮೊದಲು ಆಶ್ಚರ್ಯ ಬಂತು. ಆಮೇಲೆ ನಗು ಬರುವುದರಲ್ಲಿತ್ತು, ಅದನ್ನು ಅವನು ಹಲ್ಲಿನಲ್ಲಿ ಕಚ್ಚಿಹಿಡಿದ.

“ಮನೆಯವರ ಸಾಕ್ಷಿ ನಡೆಯಲ್ಲ,” ಎಂದರು ವಕೀಲರು ತಟ್ಟನೆ.

“ನಡೆಯಲ್ಲ!” ಎಂದ ಮಾವ ಖುಷಿಯಿಂದ. ನನ್ನ ಕೊರಳಿನಿಂದ ಟೇಪು ಎಳೆದುಕೊಂಡ. ಒಂದು ತುದಿಯನ್ನು ವಕೀಲರ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದು, ಮಂಡಿ ನೋವನ್ನೂ ಮರೆತು ಗೆರೆಯ ಮೇಲೆ ಕುಕ್ಕರಗಾಲಲ್ಲಿ ಕೂತ. “ಅಳೆದೇ ತೀರ್ಮಾನ ಆಗ್ಲಿ. ಇಲ್ಲಿ ಹಿಡೀರಿ ವಕೀಲ್ರೇ. ಅಲ್ಲಲ್ಲ, ಇಲ್ಲಿ! ನಿಮಗೂ ಕಣ್ಣಿಲ್ವಾ?”

ಟ್ಯಾಂಕರಿನವನು ಎಂಜಿನ್ ಆರಿಸಿ ಇಳಿದು ಬಂದ. ಮೊಟ್ಟೆಯಕ್ಕ, ಹಿಮ್ಮಡಿ ಅಲ್ಲ, ಹೆಬ್ಬೆರಳು ಎಂದಳು. ಪೇದೆ ಪಾಪ ಅತ್ತ ನೋಡಿ ಇತ್ತ ನೋಡಿ, ಮಾವನ ಪಕ್ಕ ಬಗ್ಗಿದ.

“ಯಜಮಾನ್ರೇ, ಶಾಲೆ ವ್ಯಾನ್ ಬಂತು. ಈಗ ಪಕ್ಕಕ್ಕೆ ಹೋಗಿ ನಿಂತ್ಕೊಳ್ಳಿ. ನಿಮ್ಮ ತಕರಾರು ನಾಳೆ ಕೇಳ್ತೀನಿ.”

ಮಾವ ತಲೆಯೆತ್ತಿದ. “ನಾಳೆ ಎಷ್ಟು ಗಂಟೆಗೆ?”

“ಬೆಳಿಗ್ಗೆ ಬೇಡ,” ಅಂಗಡಿಯ ಬಾಗಿಲಿನಿಂದ ಅತ್ತೆ ಕೂಗಿದಳು. “ಬೆಳಿಗ್ಗೆ ನಂಗೆ ಟೇಪು ಬೇಕು.”